ಲಿಂಗಾಜಿ ಅತ್ತಿಗೆಯ ಹುಲ್ಲುಹೆಂಟೆ

ನಮ್ಮ ಊರಿನಲ್ಲಿ ಮದುವೆ ಅಂದರೆ ಎರಡು ಹುಲ್ಲುಹೆಂಟೆಗಳನ್ನು ಒಂದಕ್ಕೊಂದು ಒತ್ತಿ ನೆಡುವುದು. ಹೆಣ್ಣಿನ ಹೆಂಟೆಯನ್ನು ಬೇರು ಮಣ್ಣಿನ ಸಮೇತ ಅವಳ ತಾಯಿ ಕಂಬಳಿಯಲ್ಲಿ ಸುತ್ತಿ ಕಳಿಸುತ್ತಾಳೆ. ಗಂಡಿನ ಮನೆಯ ಅಂಗಳದಲ್ಲಿ ಅವನ ಹೆಂಟೆಯ ಪಕ್ಕ ಅಷ್ಟೇ ಅಗಲದ ಗುಂಡಿ ತೋಡಿಕೊಂಡು ಕಾಯುತ್ತಿರುತ್ತಾರೆ. ಹೆಂಟೆಯನ್ನು ಅದರೊಳಗೆ ಕೂರಿಸಿ, ಸುತ್ತ ಮಣ್ಣು ತುಂಬಿ, ಎರಡರ ನಡುವಿನ ಗೆರೆಯ ಮೇಲೆ ಗಂಡು ಹೆಣ್ಣು ಬರಿಗಾಲಲ್ಲಿ ನಿಂತು ತುಳಿದರೆ ಮುಗಿಯಿತು, ಊಟಕ್ಕೆ ಕೂರಬಹುದು. ಹೆಣ್ಣಿನ ತಾಯಿ ಮಾತ್ರ ಅವತ್ತು ಬರುವ ಹಾಗಿಲ್ಲ. ಒಂದು ಮಳೆ, ಒಂದು ಚಳಿ, ಒಂದು ಬಿಸಿಲು ಕಳೆದ ಮೇಲೆ ಅವಳು ಗೆರೆ ನೋಡುವುದಕ್ಕೆ ಬರುತ್ತಾಳೆ. ಎರಡು ಹೆಂಟೆ ಬೆಸೆದು ಗೆರೆ ಕಾಣದಂತಾಗಿದ್ದರೆ ಉಂಡು ಹೋಗುತ್ತಾಳೆ. ಗೆರೆ ಕಂಡರೆ ಹೆಂಟೆಯನ್ನೂ ಮಗಳನ್ನೂ ವಾಪಸು ಕರೆದುಕೊಂಡು ಹೋಗುತ್ತಾಳೆ. ಅದಕ್ಕೆ ಯಾರೂ ಜಗಳ ಆಡುವುದಿಲ್ಲ, ಪಂಚಾಯಿತಿ ಕೂಡಿಸುವುದಿಲ್ಲ.

ನಮ್ಮದು ಒಂದೇ ಊರು, ಒಂದೇ ಜಾತಿಯ ಹುಲ್ಲು, ಹವೆ ಮಾತ್ರ ಎರಡು. ಮೇಲ್ಬಯಲಿನಲ್ಲಿ ಇಬ್ಬನಿ ಹೆಪ್ಪುಗಟ್ಟುವಂಥ ಚಳಿ. ಅಲ್ಲಿ ಹುಲ್ಲು ಕಣಕಾಲಿನ ಮೇಲೆ ಬರುವುದಿಲ್ಲ, ತನಗೆ ಸಿಕ್ಕಿದ್ದನ್ನೆಲ್ಲ ಬೇರಿಗೆ ಇಳಿಸುತ್ತದೆ. ಸತ್ತ ಬೇರು ಆ ತಂಪಿನಲ್ಲಿ ಕೊಳೆಯುವುದೂ ಇಲ್ಲ, ಅದರ ಮೇಲೆ ಹೊಸ ಬೇರು, ಅದರ ಮೇಲೆ ಇನ್ನೊಂದು, ಹೀಗೆ ನೆಲವೆಲ್ಲ ಕಪ್ಪು ಜಮಖಾನದ ಹಾಗೆ ಆಗಿರುತ್ತದೆ. ನಾವಿರುವ ಕೆಳಬಯಲಿನಲ್ಲಿ ಸೆಕೆ. ಇಲ್ಲಿ ಸತ್ತದ್ದನ್ನೆಲ್ಲ ಮಣ್ಣು ಆಗಲೇ ಅರಗಿಸಿಕೊಂಡು, ಅದರ ಸಾರವನ್ನು ತಿರುಗಿ ಹುಲ್ಲಿನ ಗರಿಗೇ ಕೊಟ್ಟುಬಿಡುತ್ತದೆ. ಹುಲ್ಲು ಸೊಂಟದುದ್ದ, ಬೇರು ಬೆರಳುದ್ದ. ಮನುಷ್ಯರೂ ಅವರವರ ಹೆಂಟೆಯ ಹಾಗೆ. ಗರಿ ಇದ್ದಷ್ಟು ಮಾತು, ಬೇರು ಇದ್ದಷ್ಟು ನೆನಪು.

ಹಾಗಾಗಿ ನಮ್ಮ ಕೆಳಬಯಲಿನವರದು ಬಾಯಿ ಮುಚ್ಚದ ಬದುಕು. ನನ್ನನ್ನೇ ನೋಡಿ, ಇಷ್ಟು ಹೊತ್ತಿಗೆ ಎಷ್ಟು ಹೇಳಿಬಿಟ್ಟೆ! ಆದರೆ ಹೋದ ಸುಗ್ಗಿಯಲ್ಲಿ ನಡೆದದ್ದು ಈ ಸುಗ್ಗಿಗೆ ನಮಗೆ ನೆನಪಿರುವುದಿಲ್ಲ. ನಮ್ಮ ಅವ್ವ ಪಕ್ಕದ ಮನೆಯ ಮಲ್ಲಾಜಮ್ಮನ ಜೊತೆ ಸೆರಗು ಬಿಗಿದು ಜಗಳ ಆಡಿ ಮಾತು ಬಿಟ್ಟಿದ್ದಳು. ಒಂದು ದಿನ ಬೇಲಿಯ ಆ ಕಡೆಯಿಂದ ಮಲ್ಲಾಜಮ್ಮ, "ಅಲ್ಲ ಕಣಕ್ಕ, ನಾವ್ಯಾಕೆ ಮಾತು ಬಿಟ್ಟಿದ್ದು?" ಅಂದಳು. ಅವ್ವ, "ನಂಗೇನು ಗೊತ್ತು, ಬಿಟ್ಟೋಳು ನೀನು, ನೀನೇ ನೆನಪಿಟ್ಕೋಬೇಕಿತ್ತು" ಅಂದಳು. ಇಬ್ಬರೂ ನಕ್ಕು ಮತ್ತೆ ಶುರು ಮಾಡಿದರು. ಸೂರು ಯಾವಾಗ ಹೊದಿಸಿದ್ದು, ಸತ್ತ ನಮ್ಮ ಅಪ್ಪನಿಗೆ ಯಾವ ಪಲ್ಯ ಇಷ್ಟ, ಇಂಥದ್ದೆಲ್ಲ ತಿಳಿಯಬೇಕಾದರೆ ಬೆಟ್ಟ ಹತ್ತಿ ಮೇಲ್ಬಯಲಿನವರನ್ನು ಕೇಳಬೇಕು. ಅವರು ಸುಮ್ಮನೆ ನೋಡುತ್ತಾರೆ. ನಾವು ನೀರು ಕುಡಿದು, ದಣಿವಾರಿಸಿಕೊಂಡು, ಇವರು ಹೇಳುವುದಿಲ್ಲ ಬಿಡು ಅಂತ ಎದ್ದು ನಿಂತಾಗ ಒಂದೇ ಮಾತಿನಲ್ಲಿ ಹೇಳುತ್ತಾರೆ.

ಅಣ್ಣ ಚೆಲುವಯ್ಯನಿಗೆ ಹೆಣ್ಣು ಹುಡುಕುವಾಗ ಅವ್ವ ಪಟ್ಟು ಹಿಡಿದದ್ದು ಅದಕ್ಕೇ. "ಮನೇಲಿ ಒಬ್ಬಳಾದ್ರೂ ನೆನಪಿರೋಳು ಬೇಕು ಕಣೋ. ನಾವು ಮೂರೂ ಜನ ಸೇರ್ಕೊಂಡು ನಿಮ್ಮಪ್ಪನ ಮುಖಾನೇ ಕಳಕೊಂಡ್ವಿ" ಅಂದಳು. ಹಾಗೆ ಬಂದವಳು ಲಿಂಗಾಜಿ ಅತ್ತಿಗೆ, ಮೇಲ್ಬಯಲಿನ ದೇವೀರಮ್ಮನ ಒಬ್ಬಳೇ ಮಗಳು.

ಅವಳ ಮೌನ ಅಂದರೆ ಏನು ಹೇಳಲಿ! "ಹಸಿವಾಯ್ತೇನವ್ವ?" ಅಂತ ಅವ್ವ ಕೇಳಿದರೆ ಉತ್ತರ ಬರುವ ಹೊತ್ತಿಗೆ ತಟ್ಟೆ ಹಾಕಿ ಆಗಿರುತ್ತಿತ್ತು. ನಾನು ಬೆಳಿಗ್ಗೆ ನೀರು ಸೇದುತ್ತ, "ಅತ್ತಿಗೆ, ನಿಮ್ಮನೆ ಹೆಂಗದೆ?" ಅಂತ ಕೇಳಿದ್ದೆ. ಸಂಜೆ ದೀಪ ಹಚ್ಚುವಾಗ ಅವಳು, "ಬೆಚ್ಚಗದೆ" ಅಂದಳು. ಯಾವುದರ ಮಾತು ಅಂತ ಜ್ಞಾಪಿಸಿಕೊಳ್ಳುವುದಕ್ಕೆ ನನಗೇ ಬಹಳ ಹೊತ್ತು ಬೇಕಾಯಿತು. ಮಲ್ಲಾಜಮ್ಮ ಬೇಲಿಯ ಮೇಲಿಂದ ಬಗ್ಗಿ, "ಏನಕ್ಕ, ಸೊಸೆ ತಂದ್ಯೋ, ಕಂಬ ತಂದು ನಿಲ್ಲಿಸ್ಕೊಂಡ್ಯೋ?" ಅಂತ ಆಡಿಕೊಳ್ಳುತ್ತಿದ್ದಳು.

ಆದರೆ ಅವ್ವನಿಗೆ ಅವಳೆಂದರೆ ಜೀವ. ಯಾಕೆಂದರೆ ಅವ್ವ ಹೇಳಿದ್ದು ಮೊದಲ ಸಲ ಒಂದು ಕಡೆ ಉಳಿಯತೊಡಗಿತ್ತು. ರಾಗಿ ಬೀಸುತ್ತ, ಅವರೆಕಾಯಿ ಸುಲಿಯುತ್ತ ಅವ್ವ ತನ್ನ ಚಿಕ್ಕಂದಿನ ಚೂರುಪಾರನ್ನೆಲ್ಲ, ಇನ್ನೇನು ಜಾರಿಹೋಗುತ್ತದೆ ಅನ್ನುವಂಥದ್ದನ್ನೆಲ್ಲ, ಅತ್ತಿಗೆಗೆ ಹೇಳುವಳು. ತವರಿನ ಬಾಗಿಲು ಯಾವ ದಿಕ್ಕಿಗಿತ್ತು, ಅವಳ ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಯಾವ ಹೊಳೆ ದಾಟಿದ. ಅತ್ತಿಗೆ ತಲೆ ಆಡಿಸುವಳು, ಅಷ್ಟೇ. ತಿಂಗಳು ಬಿಟ್ಟು ಕೇಳಿದರೂ ಒಂದು ಅಕ್ಷರ ಆಚೀಚೆ ಇಲ್ಲದೆ ಹೇಳುವಳು. "ನಾನು ಇವಳೊಳಗೆ ಇದ್ದೀನಿ ಕಣೇ ಸಾಕಿ" ಅಂತ ಅವ್ವ ನನ್ನ ಹತ್ತಿರ ಹೇಳಿದಾಗ ಅವಳ ಕಣ್ಣು ಒದ್ದೆಯಾಗಿತ್ತು.

ಮಳೆ ಹೋಯಿತು, ಚಳಿಯೂ ಹೋಯಿತು. ಅಂಗಳದಲ್ಲಿ ಅಣ್ಣನ ಹೆಂಟೆ ಸೊಂಟದುದ್ದ ತೂಗುತ್ತಿತ್ತು, ಅತ್ತಿಗೆಯದು ಕಣಕಾಲಿನಲ್ಲೇ ನಿಂತಿತ್ತು. ನಡುವಿನ ಗೆರೆ ದಾರಿಯಲ್ಲಿ ಹೋಗುವವರಿಗೂ ಕಾಣುತ್ತಿತ್ತು. "ದಿಣ್ಣೆ ಪಕ್ಕ ಹಳ್ಳ ಇದ್ದಂಗದೆ ಕಣಕ್ಕ" ಅಂದಳು ಮಲ್ಲಾಜಮ್ಮ, "ಬೀಗಿತ್ತಿ ದೂರದಿಂದ್ಲೇ ನೋಡಿ ಗುದ್ದಲಿ ಕೇಳ್ತಾಳೆ." ಅವ್ವನಿಗೆ ಅವತ್ತು ಊಟ ಸೇರಲಿಲ್ಲ. ದೇವೀರಮ್ಮ ಬಂದು ಅತ್ತಿಗೆಯನ್ನು ಕರೆದುಕೊಂಡು ಹೋದರೆ, ಸೊಸೆಯ ಜೊತೆ ತನ್ನ ಹೊಳೆ, ತನ್ನ ಅಪ್ಪ, ತನ್ನ ತವರಿನ ಬಾಗಿಲು ಎಲ್ಲವೂ ಬೆಟ್ಟ ಹತ್ತಿ ಹೋಗುತ್ತವೆ ಎನ್ನುವುದು ಅವಳಿಗೆ ಗೊತ್ತಿತ್ತು.

ನಮ್ಮ ಕಡೆ ಹುಲ್ಲು ಸೊರಗಿದರೆ ಮಾಡುವುದು ಒಂದೇ. ಮಾರನೇ ದಿನದಿಂದ ಅವ್ವ ಕೊಟ್ಟಿಗೆಯ ಗಂಜಲಕ್ಕೆ ಒಂದಷ್ಟು ನೀರು ಬೆರೆಸಿ ಅತ್ತಿಗೆಯ ಹೆಂಟೆಗೆ ಹುಯ್ಯತೊಡಗಿದಳು, ಮೇಲೆ ಕುರಿಗೊಬ್ಬರ ಬೇರೆ. ಅಣ್ಣನ ಹೆಂಟೆಗೆ ಹಾಕುವುದನ್ನು ಪೂರ್ತಿ ನಿಲ್ಲಿಸಿಬಿಟ್ಟಳು, ಅದಿಷ್ಟು ತಗ್ಗಲಿ, ಇದಿಷ್ಟು ಏಳಲಿ, ಎರಡೂ ಸಮ ಆಗಲಿ ಅಂತ. ಮೇಲೆ ಬೆಳೆದರೆ ಕೆಳಗೂ ಬೆಳೆದಿರುತ್ತದೆ ಅಂತಲೇ ನಾವೆಲ್ಲ ತಿಳಿದಿದ್ದೆವು. ನಮ್ಮಲ್ಲಿ ಬೇರು ಕಿತ್ತು ನೋಡುವ ರೂಢಿ ಯಾರಿಗಿತ್ತು?

ಅತ್ತಿಗೆ ಹೊಸ್ತಿಲಲ್ಲಿ ನಿಂತು ಇದನ್ನು ನೋಡಿದಳು. ಬಹಳ ಹೊತ್ತಾದ ಮೇಲೆ, "ಅದಕ್ಕೆ ಬೇಡ ಅತ್ತೆ" ಅಂದಳು.

"ಬೇಡ ಅನ್ನೋದು ನಿಮ್ಮ ಮೇಲ್ಬಯಲಿನೋರ ಮರ್ಯಾದೆ, ನಂಗೊತ್ತಿಲ್ವಾ? ಮುದ್ದೆ ಬಡಿಸಿದ್ರೂ ಬೇಡ ಅಂತೀಯ, ತಲೆಗೆ ಎಣ್ಣೆ ಒತ್ತೀನಿ ಬಾ ಅಂದ್ರೂ ಬೇಡ ಅಂತೀಯ. ಬಲವಂತ ಮಾಡಿದ್ರೆ ತಾನೇ ನೀನು ಉಣ್ಣೋದು!" ಅಂತ ಅವ್ವ ನಗುತ್ತ ಇನ್ನೊಂದು ಬಿಂದಿಗೆ ಸುರಿದಳು. ಅದು ನಿಜವೂ ಆಗಿತ್ತು. ಮೂರು ಸಲ ಬೇಡ ಅನ್ನದೆ ಅತ್ತಿಗೆ ನಮ್ಮ ಮನೆಯಲ್ಲಿ ಒಂದು ತುತ್ತೂ ತಿಂದವಳಲ್ಲ. ಎರಡನೇ ಸಲ ಬೇಡ ಅನ್ನುವುದಕ್ಕೆ ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಜಲ ಇಂಗಿ ಹೋಗಿತ್ತು.

ಆಮೇಲೆ ಹುಲ್ಲು ಎದ್ದಿತು. ಏನು ಹಸಿರು ಅಂತೀರಿ, ಕಡುಹಸಿರು! ಅದರ ಜೊತೆಗೆ ಅತ್ತಿಗೆಯ ಬಾಯೂ ಬಿಚ್ಚಿತು. ಮೊದಲು ಸೊಪ್ಪಿನ ವಿಷಯ, ಆಮೇಲೆ ಸೆಕೆಯ ವಿಷಯ, ಆಮೇಲೆ ಯಾವ ವಿಷಯವೂ ಬೇಕಿಲ್ಲ, ಮಾತೇ ಮಾತು. ಬಾವಿಯ ಹತ್ತಿರ ನಾವಿಬ್ಬರೂ ನಿಂತರೆ ಹಗ್ಗ ಕೈಯಲ್ಲೇ ಒಣಗುತ್ತಿತ್ತು. ನನಗಂತೂ ಅಕ್ಕನೊಬ್ಬಳು ಹೊಸದಾಗಿ ಹುಟ್ಟಿಬಂದ ಹಾಗೆ ಆಗಿತ್ತು. ಮಲ್ಲಾಜಮ್ಮನ ಮಾತಿಗೆ ತಿರುಗಿ ಕೊಡುವುದನ್ನೂ ಅವಳು ಕಲಿತಳು. "ಕಂಬ ಅಂತಿದ್ರಲ್ಲ ಮಲ್ಲತ್ತೆ, ಈಗ ಕಂಬ ಮಾತಾಡ್ತದೆ, ನೀವೇ ಒರಗ್ಕೊಳ್ಳಿ ಬನ್ನಿ" ಅಂದಾಗ ಬೀದಿಗೆ ಬೀದಿಯೇ ನಕ್ಕಿತು. ಅವ್ವನ ಹೆಮ್ಮೆ ಹೇಳತೀರದು. ಗೆರೆ ದಿನದಿಂದ ದಿನಕ್ಕೆ ಮಸುಕಾಗುತ್ತಿತ್ತು.

ಒಂದು ಮಧ್ಯಾಹ್ನ ಹುಣಸೆಹಣ್ಣು ಬಿಡಿಸುತ್ತ ಅವ್ವ, "ನಮ್ಮಪ್ಪ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ದಾಟಿದ್ನಲ್ಲ, ಯಾವ ಹೊಳೆ ಅಂದಿದ್ದೆ ಲಿಂಗಾಜಿ?" ಅಂತ ಕೇಳಿದಳು.

"ಅಯ್ಯೋ, ಯಾವ ಹೊಳೆ ಆದ್ರೇನು ಅತ್ತೆ, ನೆನೀದಂಗೆ ದಾಟಿದ್ರಲ್ಲ!" ಅಂದಳು ಅತ್ತಿಗೆ ಥಟ್ಟನೆ. ನಾನು ಬಿದ್ದುಬಿದ್ದು ನಕ್ಕೆ. ಅವ್ವನೂ ನಕ್ಕಳು. ಆಮೇಲೆ ಅವ್ವನ ಕೈಯಲ್ಲಿದ್ದ ಹುಣಸೆಹಣ್ಣು ಬಿಡಿಸದೆ ಹಾಗೇ ಉಳಿಯಿತು.

ಅದೇ ದಿನಗಳಲ್ಲಿ ಅಣ್ಣ ಮಾತು ಕಡಿಮೆ ಮಾಡಿದ. ಅವನ ಹುಲ್ಲು ಗೊಬ್ಬರ ಇಲ್ಲದೆ ತಗ್ಗಿತ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆವು. ಅದು ಸಹಜವೇ. ಆದರೆ ಉರಿಯುವ ಬಿಸಿಲಿನಲ್ಲಿ ಅವನು ಕಂಬಳಿ ಹೊದ್ದು ಕೂರತೊಡಗಿದ. ಒಂದು ದಿನ ನಾನು ಬಾಗಿಲು ತೆರೆದಿಟ್ಟಿದ್ದಕ್ಕೆ, "ಹಾಕೇ, ಮಂಜು ಒಳಕ್ಕೆ ಬರ್ತದೆ" ಅಂದ. ಕೆಳಬಯಲಿಗೆ ಮಂಜು ಯಾವ ಕಾಲದಲ್ಲಿ ಬಂದಿತ್ತು? ನಾನೂ ಅತ್ತಿಗೆಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ನಗಲಿಲ್ಲ. ಅತ್ತಿಗೆಯ ಮುಖವನ್ನೇ ನೋಡುತ್ತಿದ್ದ, ಏನನ್ನೋ ಎಲ್ಲೋ ಇಟ್ಟು ಮರೆತವರನ್ನು ನೋಡುವ ಹಾಗೆ.

ಬೇಸಿಗೆ ಇಳಿಮುಖವಾದಾಗ ದೇವೀರಮ್ಮ ಬಂದಳು. ಬೆಳಿಗ್ಗೆ ಬೆಟ್ಟ ಇಳಿಯಲು ಶುರು ಮಾಡಿದವಳು ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಳದಲ್ಲಿ ನಿಂತಿದ್ದಳು. ಎತ್ತರದ, ಒಣಗಿದ ಹೆಂಗಸು, ಹೆಗಲ ಮೇಲೆ ಮಡಿಸಿದ ಕಂಬಳಿ. ಗೆರೆ ಕಂಡರೆ ಹೆಂಟೆಯನ್ನು ಸುತ್ತಿಕೊಂಡು ಹೋಗುವುದಕ್ಕೆ ತಂದದ್ದು ಅದು. ಬೀದಿಯವರೆಲ್ಲ ಸೇರಿದ್ದರು. ಗೆರೆ ಇರಲಿಲ್ಲ. ಎಲ್ಲಿ ಒಬ್ಬರದು ಮುಗಿಯಿತು, ಎಲ್ಲಿ ಇನ್ನೊಬ್ಬರದು ಶುರುವಾಯಿತು ಅಂತ ಎಷ್ಟು ಬಗ್ಗಿ ನೋಡಿದರೂ ತಿಳಿಯುವ ಹಾಗಿರಲಿಲ್ಲ. "ಗೆದ್ದೆ ಕಣಕ್ಕ!" ಅಂತ ಮಲ್ಲಾಜಮ್ಮ ಅವ್ವನ ಭುಜ ಹಿಡಿದು ಅಲ್ಲಾಡಿಸಿದಳು.

ದೇವೀರಮ್ಮ ಹುಲ್ಲಿನ ಕಡೆ ನೋಡಲೇ ಇಲ್ಲ. ಮಗಳನ್ನು ನೋಡುತ್ತಿದ್ದಳು. ಅವಳ ತುಟಿ ಅಲುಗಿ, "ಮಗಾ" ಅನ್ನುವುದಕ್ಕೆ ಮೊದಲೇ ಅತ್ತಿಗೆ ಓಡಿ ಬಂದಿದ್ದಳು. "ಬನ್ನಿ ಬನ್ನಿ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ, ನೆರಳಿಗೆ ಬನ್ನಿ. ಮಜ್ಜಿಗೆ ಕೊಡ್ಲಾ, ಪಾನಕ ಕೊಡ್ಲಾ? ಎಷ್ಟು ದೂರದಿಂದ ಬಂದ್ರೋ ಪಾಪ, ಕಾಲೆಲ್ಲ ಧೂಳು! ಯಾರ ಮನೆಗೆ ಬಂದ್ರಿ?"

ಕೆಳಬಯಲಿನಲ್ಲಿ ಅಷ್ಟು ಜನ ಸೇರಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ನಾನೇ ಅವಳ ಕೈ ಹಿಡಿದು, "ಅತ್ತಿಗೆ, ಅವರು ನಿಮ್ಮವ್ವ" ಅಂದೆ.

"ಹೌದಾ!" ಅಂತ ಅತ್ತಿಗೆ ಎರಡೂ ಕೈ ಕೆನ್ನೆಗೆ ಹಿಡಿದುಕೊಂಡಳು. "ನಮ್ಮವ್ವ ಎಷ್ಟು ಲಕ್ಷಣವಾಗವ್ರೆ ನೋಡೇ ಸಾಕಿ!" ನಿಜವಾಗಿಯೂ ಖುಷಿಯಾಗಿತ್ತು ಅವಳಿಗೆ. ಮಜ್ಜಿಗೆ ತರುವುದಕ್ಕೆ ಒಳಗೆ ಓಡಿದಳು.

ದೇವೀರಮ್ಮ ಆಗ ಹುಲ್ಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು. ಮಗಳ ಹೆಂಟೆ ಇದ್ದ ಕಡೆ ಬೆರಳಿಟ್ಟರೆ ಬೆರಳು ಹಿಟ್ಟಿಗೆ ಇಳಿದ ಹಾಗೆ ಇಳಿಯಿತು. ಒಂದು ಬುಡ ಹಿಡಿದು ಎಳೆದಳು, ಬಂದುಬಿಟ್ಟಿತು. ಮೇಲೆ ಅಷ್ಟುದ್ದ ಗರಿ, ಕೆಳಗೆ ನಾಲ್ಕು ಬಿಳೀ ಎಳೆ. ಅಣ್ಣನ ಹೆಂಟೆಯ ಕಡೆ ಕೈ ಹಾಕಿದಳು, ಅಲ್ಲಿ ಉಗುರೂ ಇಳಿಯಲಿಲ್ಲ. ಎರಡೂ ಕೈಯಿಂದ ಅಂಚು ಎತ್ತಿ ನೋಡಿದರೆ ಒಳಗೆ ಕಪ್ಪಗೆ, ದಪ್ಪಗೆ, ಹೆಣೆದ ಬೇರು.

"ಕೂತಲ್ಲೇ ಉಣ್ಣಿಸಿದ್ರಿ, ಬೇರು ಕೆಳಕ್ಕೆ ಯಾಕೆ ಇಳೀತದೆ?" ಅಂದಳು. ಅಣ್ಣನ ಹೆಂಟೆ ತೋರಿಸಿ, "ಪಕ್ಕದ್ದು ಹಸಿದಿತ್ತು. ಅವಳು ಬಿಟ್ಟಿದ್ದನ್ನೆಲ್ಲ ಎಳ್ಕೊಂಡದೆ" ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾಗಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಅಣ್ಣ ಹೊಲದಿಂದ ಬಂದ. ಅವನು ದೇವೀರಮ್ಮನನ್ನು ಯಾವತ್ತೂ ಕಂಡವನಲ್ಲ. ಹೆಣ್ಣು ಗೊತ್ತು ಮಾಡಿ ಬಂದವರೂ ಹಿರಿಯರೇ. ಬಾಗಿಲಲ್ಲಿ ನಿಂತವನು ಮಕ್ಕಳ ಹಾಗೆ ನೇರವಾಗಿ ಅವಳ ಹತ್ತಿರ ಹೋಗಿ ಕೂತು, "ಮಂಡಿ ಹೆಂಗದೆ ಅವ್ವ? ಕಲ್ಲುಪ್ಪಿನ ಕಾವು ಕೊಡ್ತಿದ್ದೀಯ? ನಾನಿಲ್ಲ ಅಂತ ಬಿಟ್ಟಿರ್ತೀಯ ನೀನು" ಅಂದ. ಅಂದ ಮೇಲೆ ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚಿದ. ದೇವೀರಮ್ಮ ಅವನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

ನಮ್ಮ ಅವ್ವ ಒಳಗೆ ಹೋಗಿ ಗುದ್ದಲಿ ತಂದಳು. ಗೆರೆ ಕಾಣದಿದ್ದರೆ ಕೊಡಬೇಕಾಗಿಲ್ಲ, ಅದು ಊರ ಕಟ್ಟಳೆ, ಯಾರೂ ಕೇಳುವ ಹಾಗಿರಲಿಲ್ಲ. ಅವಳೇ ತಂದು ದೇವೀರಮ್ಮನ ಮುಂದೆ ಇಟ್ಟಳು. "ತಗೊಂಡ್ಹೋಗು ಬೀಗಿತ್ತಿ. ನಿನ್ನ ಮಗಳನ್ನ ನಿಮ್ಮ ತಂಪಿಗೆ ತಗೊಂಡ್ಹೋಗು. ಹೋಗ್ತಾಳೆ ಅನ್ನೋ ಹೆದರಿಕೇಲಿ ನಾನೇ ಅವಳನ್ನ ಕಳೆದುಬಿಟ್ಟೆ. ಅಲ್ಲಿ ನೆಟ್ರೆ ಬೇರು ಬಿಡ್ತದಲ್ಲ?"

"ಬಿಡ್ತದೆ" ಅಂದಳು ದೇವೀರಮ್ಮ. "ಹೊಸಾದು ಬಿಡ್ತದೆ." ನಾವು ಕಾದೆವು. "ಹಳೇದು ಇವನ ಕಡೆ ಅದೆ. ಎಲ್ಲಿ ಕೊಯ್ದರೂ ಅದರ ನಡುವೇನೇ ಕೊಯ್ಯಬೇಕು." ಗುದ್ದಲಿಯನ್ನು ಎತ್ತಿ ಗೋಡೆಗೆ ಒರಗಿಸಿ ಬಂದಳು. ಹಾಗೆ ಒರಗಿಸಿದಾಗ ಮಗಳನ್ನು ಇಲ್ಲೇ ಬಿಟ್ಟು ಹೋಗುತ್ತೇನೆ ಅಂತ ಹೇಳಿದಂತಾಯಿತು. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು.

ಇನ್ನೊಂದು ಸಂಗತಿ ದೇವೀರಮ್ಮನಿಗೂ ಗೊತ್ತಿತ್ತು, ನನಗೂ ಆಮೇಲೆ ಹೊಳೆಯಿತು. ಅಣ್ಣನ ಬುಡದಲ್ಲಿರುವ ಆ ಕಪ್ಪು ಬೇರು ನಮ್ಮ ಸೆಕೆಯಲ್ಲಿ ನಿಲ್ಲುವಂಥದ್ದಲ್ಲ. ನಮ್ಮ ಮಣ್ಣು ಏನನ್ನೂ ಕಾಪಾಡುವುದಿಲ್ಲ, ಎಲ್ಲವನ್ನೂ ಅರಗಿಸಿ ಗರಿ ಮಾಡಿಬಿಡುತ್ತದೆ. ಈ ಸುಗ್ಗಿಗೋ ಬರುವ ಸುಗ್ಗಿಗೋ ಅದೂ ಹೋಗುತ್ತದೆ. ನಾನು ಇದನ್ನೆಲ್ಲ ಉಸಿರು ತೆಗೆದುಕೊಳ್ಳದೆ ಹೇಳುತ್ತಿರುವುದೂ ಅದಕ್ಕೇ. ನಾನೂ ಕೆಳಬಯಲಿನವಳೇ.

ಊಟ ಆಯಿತು. ಅತ್ತಿಗೆ ಒತ್ತಾಯ ಮಾಡಿ ಮಾಡಿ ತಾಯಿಗೆ ಬಡಿಸಿದಳು, ತಾಯಿ ಒಂದು ಸಲವೂ ಬೇಡ ಅನ್ನಲಿಲ್ಲ. ಬಿಸಿಲು ಇಳಿಯುವವರೆಗೆ ಜಗಲಿಯ ಮೇಲೆ ಕೂತೆವು. ದೇವೀರಮ್ಮ ಅಣ್ಣನ ಕಡೆ ತಿರುಗಿ, "ಹೇಳಪ್ಪ" ಅಂದಳು.

"ಏನು ಹೇಳ್ಲಿ ಅವ್ವ?"

"ಮೊದಲನೇ ಸಲ ಇಬ್ಬನಿ ಗಟ್ಟಿಯಾಗಿದ್ದನ್ನ ಕಂಡಿದ್ದು."

ಅಣ್ಣ ಕಣ್ಣು ಮುಚ್ಚಿದ. ನಿಧಾನವಾಗಿ, ಮೇಲ್ಬಯಲಿನವರ ಹಾಗೆ ಮಾತಿಗೂ ಮಾತಿಗೂ ನಡುವೆ ಜಾಗ ಬಿಟ್ಟು ಹೇಳಿದ. ಒಬ್ಬಳು ಚಿಕ್ಕ ಹುಡುಗಿ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಹುಲ್ಲೆಲ್ಲ ಬೆಳ್ಳಗೆ. ರಾತ್ರಿ ಯಾರೋ ಉಪ್ಪು ಚೆಲ್ಲಿ ಹೋಗಿದ್ದಾರೆ ಅಂದುಕೊಂಡಳು. ಮನೆಯಲ್ಲಿ ಉಪ್ಪು ಮುಗಿದಿದೆ ಅಂತ ಅವ್ವ ಹೇಳಿದ್ದಳು. ಅದಕ್ಕೆ ಕೈ ಮರಗಟ್ಟುವವರೆಗೆ ಗರಿ ಗರಿಯಿಂದ ಬಿಡಿಸಿ ಬಿಡಿಸಿ ಲಂಗದ ಮಡಿಲು ತುಂಬಿಕೊಂಡಳು. ಓಡಿ ಬಂದು ಒಲೆಯ ಮುಂದೆ ಅವ್ವನಿಗೆ ಮಡಿಲು ಬಿಚ್ಚಿ ತೋರಿಸಿದರೆ ಏನೂ ಇಲ್ಲ. ಒದ್ದೆ ಬಟ್ಟೆ.

ಅತ್ತಿಗೆ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು. ಅಷ್ಟು ಹೊತ್ತು ಅವಳು ಬಾಯಿ ಮುಚ್ಚಿಕೊಂಡಿದ್ದೇ ಆ ಬೇಸಿಗೆಯಲ್ಲಿ ಮೊದಲು. "ಅಯ್ಯೋ ಪಾಪ!" ಅಂದಳು. "ಅತ್ತಳಾ? ಆಮೇಲೆ ಏನಾಯ್ತು ಆ ಹುಡುಗೀಗೆ?"

ಅಣ್ಣನಿಗೆ ಮುಂದೆ ಹೇಳಲಾಗಲಿಲ್ಲ. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಿದ್ದ ದೇವೀರಮ್ಮನೇ ಹೇಳಿದಳು. "ದೊಡ್ಡೋಳಾದ್ಳು. ಕೆಳಗೆ ಮದುವೆ ಮಾಡಿಕೊಟ್ವಿ."

"ಚೆನ್ನಾಗವ್ಳಾ?"

ದೇವೀರಮ್ಮ ತಮ್ಮ ಕಡೆಯವರ ಹಾಗೆ ಹೊತ್ತು ತೆಗೆದುಕೊಂಡಳು. ಒಮ್ಮೆ ನಮ್ಮ ಅವ್ವನ ಕಡೆ ನೋಡಿದಳು. ಅವ್ವ ತಲೆ ಎತ್ತಲಿಲ್ಲ.

"ಚೆನ್ನಾಗವ್ಳೆ ಕಣವ್ವ" ಅಂದಳು. "ಅತ್ತೆ ಮನೇಲಿ ಬಲು ಪ್ರೀತಿಯಿಂದ ನೋಡ್ಕೊಂಡವ್ರೆ."